ಒಂದು ಬೇಸ್‌ಲೈನ್, ಮೂರು ಕಾಯಿಲೆ: ಜಿಸಿ-ಎಫ್‌ಐಡಿಯ ಒಂದು ಪ್ರಕರಣ

ಸೋಮವಾರ ಬೆಳಗಿನ ಮೊದಲ ರನ್ ಮುಗಿದಾಗ ಪರದೆಯ ಮೇಲೆ ಒಂದು ಗುಡ್ಡ ಎದ್ದಿತ್ತು. ಯಂತ್ರ ಗ್ಯಾಸ್ ಕ್ರೊಮ್ಯಾಟೊಗ್ರಾಫ್ (ಜಿಸಿ): ಸ್ಯಾಂಪಲನ್ನು ಹಬೆಯಾಗಿಸಿ, ಕಾಲಮ್ ಎಂಬ ಸಪೂರ ಕೊಳವೆಯಲ್ಲಿ ಅದರ ಅಂಶಗಳನ್ನು ಬೇರ್ಪಡಿಸುತ್ತದೆ. ಹೊರಬಂದದ್ದನ್ನು ಎಫ್‌ಐಡಿ ಎಂಬ ಡಿಟೆಕ್ಟರ್ ಜ್ವಾಲೆಯಲ್ಲಿ ಸುಟ್ಟು ಅಳೆಯುತ್ತದೆ. ಒಂದೊಂದು ಅಂಶವೂ ಪರದೆಯಲ್ಲಿ ಒಂದು ಪೀಕ್, ಪೀಕ್‌ಗಳ ಬುಡದ ರೇಖೆಯೇ ಬೇಸ್‌ಲೈನ್, ಅದು ಸಪಾಟಾಗಿರಬೇಕು. ಗುಡ್ಡ 12ನೇ ನಿಮಿಷದಿಂದ ಏರತೊಡಗಿ, 16ರ ಆಸುಪಾಸಿನಲ್ಲಿ 110 ಪಿಕೋಆಂಪಿಯರ್ ತನಕ ಹೋಗಿ, 20ನೇ ನಿಮಿಷಕ್ಕೆ ಇಳಿದಿತ್ತು. ಗುಡ್ಡದ ಇಳಿಜಾರಿನಿಂದ ಹಿಡಿದು ರನ್‌ನ ಕೊನೆಯವರೆಗೂ ಚೂಪಾದ ಪೀಕ್‌ಗಳು ಸರಿಸುಮಾರು ಸಮ ಅಂತರದಲ್ಲಿ, ಏಣಿಯ ಮೆಟ್ಟಿಲಿನಂತೆ ನಿಂತಿದ್ದವು. ಪೀಕೇ ಇಲ್ಲದ ಕಡೆಯೂ ರೇಖೆ ಸಪಾಟಾಗಿರಲಿಲ್ಲ. ಸ್ಕೇಲ್ ಹಿಗ್ಗಿಸಿ ನೋಡಿದರೆ ನಿಧಾನವಾದ ಒಂದು ಅಲೆ ಏರಿ ಇಳಿಯುತ್ತಿತ್ತು.

ಆ ಬ್ಯಾಚಿನ ಮೊದಲ ಇಂಜೆಕ್ಷನ್ ನಮ್ಮ ಚೆಕ್ ಸ್ಟ್ಯಾಂಡರ್ಡ್, ಅಂದರೆ ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣ. ಗುಡ್ಡದ ಇಳಿಜಾರಿನ ಮೇಲೆ ಬರುವ ಡೈಬ್ಯುಟೈಲ್ ಥ್ಯಾಲೇಟ್ (ಪ್ಲಾಸ್ಟಿಕನ್ನು ಮೆದುವಾಗಿಸುವ ಒಂದು ಪ್ಲಾಸ್ಟಿಸೈಸರ್) ಇರಬೇಕಾದ್ದಕ್ಕಿಂತ ಶೇ. 18ರಷ್ಟು ಹೆಚ್ಚು ತೋರಿಸಿತು. ಬಹಳ ತಡವಾಗಿ ಬರುವ ಡೈಎಥೈಲ್‌ಹೆಕ್ಸೈಲ್ ಥ್ಯಾಲೇಟ್ ಮಾತ್ರ ಮಿತಿಯೊಳಗೇ ಇತ್ತು. ಅದೇ ಸ್ಟ್ಯಾಂಡರ್ಡನ್ನು ಮೂರನೇ ಇಂಜೆಕ್ಷನ್ನಾಗಿ ಮತ್ತೆ ಹಾಕಿದಾಗ ಎರಡೂ ಸರಿಯಾಗಿ ಬಂದವು. ಈ ಕೊನೆಯ ಸಂಗತಿಯಲ್ಲೇ ಅರ್ಧ ಉತ್ತರ ಇತ್ತು. ಅದನ್ನು ಓದಲು ನನಗೆ ಎರಡು ದಿನ ಹಿಡಿಯಿತು.

ಉಪಕರಣದ ವಿವರ ಮೊದಲೇ ಹೇಳಿಬಿಡುತ್ತೇನೆ. ಸ್ಪ್ಲಿಟ್/ಸ್ಪ್ಲಿಟ್‌ಲೆಸ್ ಇನ್‌ಲೆಟ್ 280 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಫ್‌ಐಡಿ 320ರಲ್ಲಿ. ಕಾಲಮ್ 30 ಮೀಟರ್ ಉದ್ದ, 0.25 ಮಿಲಿಮೀಟರ್ ಒಳವ್ಯಾಸ, 0.25 ಮೈಕ್ರಾನ್ ಫಿಲ್ಮ್, ಶೇ. 5 ಫೀನೈಲ್ ಇರುವ ಸಿಲೋಕ್ಸೇನ್. ಕ್ಯಾರಿಯರ್, ಅಂದರೆ ಸ್ಯಾಂಪಲನ್ನು ಹೊತ್ತೊಯ್ಯುವ ಅನಿಲ, ಹೀಲಿಯಂ, ನಿಮಿಷಕ್ಕೆ 1.2 ಮಿಲಿಲೀಟರ್. ಓವನ್ 50ರಲ್ಲಿ 2 ನಿಮಿಷ ನಿಂತು, ನಿಮಿಷಕ್ಕೆ 10 ಡಿಗ್ರಿಯಂತೆ 300ಕ್ಕೆ ಏರಿ, ಅಲ್ಲಿ 5 ನಿಮಿಷ ನಿಲ್ಲುತ್ತದೆ. ಪ್ಲಾಸ್ಟಿಕ್‌ನಿಂದ ಹೆಕ್ಸೇನ್‌ಗೆ ಇಳಿದ ಪ್ಲಾಸ್ಟಿಸೈಸರ್‌ಗಳನ್ನು ಅಳೆಯುವ ವಿಧಾನ ಇದು. ಪ್ರತಿ ಸಲ 1 ಮೈಕ್ರೋಲೀಟರ್, ಸ್ಪ್ಲಿಟ್‌ಲೆಸ್, ಅಂದರೆ ಪಾಲು ಮಾಡಿ ಹೊರಬಿಡದೆ ಕಾಲಮ್‌ಗೇ ಕಳಿಸುವ ಕ್ರಮ. ಆರೋಗ್ಯವಾಗಿದ್ದಾಗ ಈ ಯಂತ್ರದ ಬೇಸ್‌ಲೈನ್ 50 ಡಿಗ್ರಿಯಲ್ಲಿ 5 ಪಿಕೋಆಂಪಿಯರ್, 300ರಲ್ಲಿ 14. ಈ ಎರಡು ಅಂಕಿಗಳನ್ನು ಹಳೆಯ, ಸ್ಯಾಂಪಲ್ ಇಲ್ಲದೆ ಓಡಿಸಿದ ಬ್ಲ್ಯಾಂಕ್ ರನ್‌ಗಳಿಂದ ಹುಡುಕಿ ತೆಗೆಯಬೇಕಾಯಿತು, ಬೇರೆಲ್ಲೂ ಬರೆದಿಟ್ಟಿರಲಿಲ್ಲ.

ಹಿಂದಿನ ಗುರುವಾರ ಒಂದೇ ಮಧ್ಯಾಹ್ನದಲ್ಲಿ ಮೂರು ಕೆಲಸ ಆಗಿದ್ದವು: ಹೀಲಿಯಂ ಸಿಲಿಂಡರ್ ಬದಲಾಗಿತ್ತು, ಹೊಸ ಸೆಪ್ಟಮ್ (ಸೂಜಿ ಚುಚ್ಚುವ ರಬ್ಬರ್ ಬಿಲ್ಲೆ) ಬಿದ್ದಿತ್ತು, ಹೊಸ ಲೈನರ್ (ಇನ್‌ಲೆಟ್ ಒಳಗಿನ ಗಾಜಿನ ಕೊಳವೆ) ಬಿದ್ದಿತ್ತು. ಶುಕ್ರವಾರ ಹಗಲಿಡೀ, ರಾತ್ರಿ ಒಂಬತ್ತರ ತನಕ, ಆಟೋಸ್ಯಾಂಪ್ಲರ್ ಓಡಿತ್ತು. ಆಮೇಲೆ ಸೋಮವಾರದವರೆಗೆ ಯಂತ್ರ 50 ಡಿಗ್ರಿಯಲ್ಲಿ ಸುಮ್ಮನೆ ಕೂತಿತ್ತು.

ಮೊದಲು ಮಾಡಿದ ತಪ್ಪು

"ಮೇಡಂ, ಕಾಲಮ್ ಹೋಗಿದೆ. ಬ್ಲೀಡ್ ನೋಡಿ ಎಷ್ಟಿದೆ" ಎಂದರು ಜೊತೆಗಿದ್ದವರು. ನಾನೂ ಒಪ್ಪಿದೆ. ನಾಲ್ಕು ತಿಂಗಳಷ್ಟೇ ಹಳೆಯದಾದ ಕಾಲಮ್ ಬಿಚ್ಚಿ ಮಂಗಳವಾರ ಹೊಸದನ್ನು ಹಾಕಿದೆವು. ಹಾಕುವ ಕ್ರಮದಲ್ಲೇನೂ ಕೊರತೆ ಇರಲಿಲ್ಲ. ಡಿಟೆಕ್ಟರ್ ಕಡೆಯ ತುದಿ ಜೋಡಿಸದೆ, ಓವನ್ ತಣ್ಣಗಿರುವಾಗಲೇ 20 ನಿಮಿಷ ಹೀಲಿಯಂ ಹರಿಸಿ ಒಳಗಿನ ಆಮ್ಲಜನಕ ಹೊರಹಾಕಿ, ಬಳಿಕ ನಿಧಾನವಾಗಿ ಬಿಸಿ ಮಾಡಿ ಕಂಡೀಷನ್ ಮಾಡಿದೆವು. ಸಂಜೆ ಡಿಟೆಕ್ಟರಿಗೆ ಜೋಡಿಸಿ ಮನೆಗೆ ಹೋದೆವು. ಬುಧವಾರ ಬೆಳಿಗ್ಗೆ ಬ್ಲ್ಯಾಂಕ್ ಹಾಕಿದರೆ ಗುಡ್ಡ ಅಲ್ಲೇ ಇತ್ತು. ಆದರೆ ಎತ್ತರ 110ರ ಬದಲು 26.

"ಸುಧಾರಿಸಿದೆ" ಎಂದು ಎಲ್ಲರಿಗೂ ಸಮಾಧಾನ. ಇನ್ನೊಂದೆರಡು ಸಲ ಬೇಕ್ ಮಾಡಿದರೆ ಪೂರ್ತಿ ಹೋಗುತ್ತದೆ ಎಂಬ ಮಾತೂ ಬಂತು. ಅದು ಸುಳ್ಳು ಸಮಾಧಾನ. ಸೋಮವಾರದ ರನ್‌ಗೆ ಮೊದಲು ಯಂತ್ರ ಹೆಚ್ಚುಕಡಿಮೆ 60 ಗಂಟೆ ಸುಮ್ಮನಿತ್ತು, ಬುಧವಾರದ ರನ್‌ಗೆ ಮೊದಲು 14 ಗಂಟೆ. 110ನ್ನು 60ರಿಂದ ಭಾಗಿಸಿ 14ರಿಂದ ಗುಣಿಸಿ ನೋಡಿ, 26ಕ್ಕೇ ಬಂದು ನಿಲ್ಲುತ್ತದೆ. ಹೊಸ ಕಾಲಮ್ ಏನನ್ನೂ ಸುಧಾರಿಸಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆವು.

ಆಕಾರವನ್ನು ನೋಡಿದ್ದರೂ ಸಾಕಿತ್ತು, ಕಾಲಮ್ ಮೇಲೆ ಅನುಮಾನ ಬರುತ್ತಿರಲಿಲ್ಲ. ಕಾಲಮ್ ಬ್ಲೀಡ್ ಎಂದರೆ ಒಳಗೋಡೆಗೆ ಬಳಿದ ಸಿಲೋಕ್ಸೇನ್ ಸರಪಳಿ ಬಿಸಿಗೆ ಮುರಿದು, ಚಿಕ್ಕ ಚಿಕ್ಕ ಉಂಗುರಗಳಾಗಿ ಹೊರಬರುವುದು. ಅದು ಕಾಲಮ್‌ನ ಇಡೀ ಉದ್ದಕ್ಕೂ ಒಟ್ಟಿಗೇ ನಡೆಯುವುದರಿಂದ ಪೀಕ್ ಆಗಿ ಕೂಡಿಬರಲು ದಾರಿಯಿಲ್ಲ. ಓವನ್ ಮೇಲಿನ ಮಿತಿಯ ಹತ್ತಿರ ಹೋದಂತೆ ರೇಖೆ ನುಣ್ಣಗೆ ಏರುತ್ತದೆ, ಓವನ್ ನಿಂತರೆ ತಾನೂ ನಿಲ್ಲುತ್ತದೆ, ತಣಿದರೆ ಇಳಿಯುತ್ತದೆ. ನಮ್ಮ ಗುಡ್ಡ ಓವನ್ ಇನ್ನೂ 150 ಡಿಗ್ರಿ ಇರುವಾಗಲೇ ಎದ್ದು, 230 ತಲುಪುವಷ್ಟರಲ್ಲಿ ಬಿದ್ದುಹೋಗುತ್ತಿತ್ತು. ಬಿಸಿ ಹೆಚ್ಚುತ್ತಿರುವಾಗ ಬ್ಲೀಡ್ ಇಳಿಯುವುದುಂಟೆ? ಏರಿ ಇಳಿದದ್ದು ಏನೇ ಇರಲಿ, ಅದು ಕಾಲಮ್‌ಗೆ ಹೊರಗಿನಿಂದ ಬಂದದ್ದು.

ಯಾವುದರ ಹಿಂದೆ ಹೋಗುತ್ತಿದೆ?

ಬುಧವಾರ ಮಧ್ಯಾಹ್ನ ಸ್ಪ್ಯಾನರ್ ಕೆಳಗಿಟ್ಟು ಕಾಗದ ತೆಗೆದುಕೊಂಡೆ. ಬೇಸ್‌ಲೈನಿನ ಪ್ರತಿಯೊಂದು ತೊಂದರೆಯೂ ಯಾವುದಾದರೂ ಒಂದರ ಬೆನ್ನುಹತ್ತಿ ಹೋಗುತ್ತದೆ. ಕೆಲವು ಗೋಡೆ ಗಡಿಯಾರದ ಹಿಂದೆ ಹೋಗುತ್ತವೆ: ರನ್ ಇರಲಿ ಇಲ್ಲದಿರಲಿ, ತಮ್ಮ ಲಯದಲ್ಲಿ ಬರುತ್ತವೆ. ಕೆಲವು ಓವನ್ ತಾಪದ ಹಿಂದೆ. ಕೆಲವು ಇಂಜೆಕ್ಷನ್ ಹಿಂದೆ, ಅಂದರೆ ಸೂಜಿ ಇಳಿದರೆ ಉಂಟು, ಇಳಿಯದಿದ್ದರೆ ಇಲ್ಲ. ಇನ್ನು ಕೆಲವು, ಯಂತ್ರ ತಣ್ಣಗೆ ಸುಮ್ಮನಿದ್ದ ಹೊತ್ತಿನ ಹಿಂದೆ. ಯಾವುದು ಯಾವುದರ ಹಿಂದೆ ಎಂದು ತಿಳಿದರೆ ಯಾವ ಭಾಗ ಬಿಚ್ಚಬೇಕೆಂಬುದು ತಾನಾಗಿ ತಿಳಿಯುತ್ತದೆ. ನಾವು ಗುಡ್ಡ, ಏಣಿ, ಅಲೆ ಮೂರನ್ನೂ ಒಟ್ಟು ಸೇರಿಸಿ "ಬೇಸ್‌ಲೈನ್ ಕೆಟ್ಟಿದೆ" ಎನ್ನುತ್ತಿದ್ದೆವು. ಒಂದೇ ಹೆಸರು ಕೊಟ್ಟಿದ್ದರಿಂದ ಒಂದೇ ಕಾರಣ ಹುಡುಕುತ್ತಿದ್ದೆವು.

ಎಫ್‌ಐಡಿಯ ಬೇಸ್‌ಲೈನ್ ಸೊನ್ನೆಯಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಹೈಡ್ರೋಜನ್ ಜ್ವಾಲೆಯಲ್ಲಿ ಸುಟ್ಟ ಇಂಗಾಲದ ಪರಮಾಣುಗಳಲ್ಲಿ ಹಲವು ಲಕ್ಷಕ್ಕೆ ಒಂದೋ ಏನೋ ಅಯಾನ್ ಆಗುತ್ತದೆ, ಆ ಅಯಾನುಗಳ ವಿದ್ಯುತ್ತೇ ನಮ್ಮ ಸಿಗ್ನಲ್. ಹೀಲಿಯಂ, ನೈಟ್ರೋಜನ್, ನೀರು ಅದರ ಕಣ್ಣಿಗೆ ಬೀಳುವುದಿಲ್ಲ. ಜ್ವಾಲೆಗೆ ಬರುವ ಪ್ರತಿ ಗ್ರಾಂ ಇಂಗಾಲಕ್ಕೆ ಸುಮಾರು 0.015 ಕೂಲಂಬ್ ಎಂಬ ರೂಢಿಯ ಅಂಕಿ ಹಿಡಿದರೆ, 1 ಪಿಕೋಆಂಪಿಯರ್ ಎಂದರೆ ಸೆಕೆಂಡಿಗೆ 65–70 ಪಿಕೋಗ್ರಾಂ ಇಂಗಾಲ. ಹಾಗಾಗಿ ಈ ರೇಖೆಯನ್ನು ಒಂದು ಲೆಕ್ಕದ ಪುಸ್ತಕದಂತೆ ಓದಬಹುದು: ಎಲ್ಲಿಂದಲೋ ಎಷ್ಟೋ ಇಂಗಾಲ ಬರುತ್ತಿದೆ, ಎಷ್ಟು ಎಂದು ಅದು ಹೇಳುತ್ತಿದೆ. ಎಲ್ಲಿಂದ ಎಂಬುದಷ್ಟೇ ನಮ್ಮ ಪಾಲಿನ ಕೆಲಸ.

ಅಲೆ

ಸುಲಭದ್ದನ್ನು ಮೊದಲು ಹಿಡಿದೆ. ಜ್ವಾಲೆ ಆರಿಸಿ ಸಿಗ್ನಲ್ ನೋಡಿದೆ. ರೇಖೆ ಸೊನ್ನೆಯ ಹತ್ತಿರ, ಎಳೆದ ದಾರದಂತೆ ನೇರವಾಗಿತ್ತು. ಅಂದಮೇಲೆ ಎಲೆಕ್ಟ್ರೋಮೀಟರ್, ಕೇಬಲ್, ಕಲೆಕ್ಟರಿನ ಸಂಪರ್ಕ ಇವ್ಯಾವುದರದೂ ತಪ್ಪಿಲ್ಲ. ಎರಡೇ ನಿಮಿಷದ ಈ ಪರೀಕ್ಷೆಯನ್ನು ಜನ ಯಾಕೆ ಬಿಟ್ಟುಬಿಡುತ್ತಾರೋ ನನಗೆ ಅರ್ಥವಾಗಿಲ್ಲ. ವಿದ್ಯುತ್ ದೋಷವೋ ಅನಿಲದ ದೋಷವೋ ಎಂಬ ಅತಿ ದೊಡ್ಡ ಕವಲು ಇಲ್ಲೇ ತೀರ್ಮಾನವಾಗುತ್ತದೆ.

ಮುಂದೆ ಡಿಟೆಕ್ಟರನ್ನು ಒಂಟಿ ಮಾಡಬೇಕು. ಹೈಡ್ರೋಜನ್ ನಿಲ್ಲಿಸಿ, ಓವನ್ ತಣಿಸಿ, ಕಾಲಮ್ ಬಿಚ್ಚಿ, ಡಿಟೆಕ್ಟರಿನ ಬುಡಕ್ಕೆ ಗಟ್ಟಿ ಫೆರಲ್ (ತೂತಿಲ್ಲದ ಬಿರಡೆ) ಹಾಕಿ ಮುಚ್ಚಿದೆ. ಮುಚ್ಚಿದ್ದು ಖಾತ್ರಿಯಾದ ಮೇಲೆಯೇ ಹೈಡ್ರೋಜನ್ ಬಿಟ್ಟು ಜ್ವಾಲೆ ಹಚ್ಚಿದೆ. ಈ ಕ್ರಮ ಹಿಂದುಮುಂದಾಗಕೂಡದು. ತೆರೆದ ಬುಡದಿಂದ ಹೈಡ್ರೋಜನ್ ಓವನ್ ಒಳಗೆ ತುಂಬಿಕೊಂಡರೆ, ಓವನ್ ಬಿಸಿಯಾಗುವಾಗ ಸಿಡಿಯಬಹುದು. ಹೈಡ್ರೋಜನ್ ನಿಮಿಷಕ್ಕೆ 35 ಮಿಲಿಲೀಟರ್, ಗಾಳಿ 350, ಮೇಕಪ್ ನೈಟ್ರೋಜನ್ 25, ಎಲ್ಲ ಎಂದಿನಂತೆ.

ರೇಖೆ 4 ಪಿಕೋಆಂಪಿಯರ್‌ನಲ್ಲಿ ನಿಂತಿತು. ಗುಡ್ಡವಿಲ್ಲ, ಏಣಿಯಿಲ್ಲ. ಅಲೆ ಮಾತ್ರ ಹಾಗೇ ಇತ್ತು: ಮೇಲೆ 0.3, ಕೆಳಗೆ 0.3, ಒಂದು ಸುತ್ತಿಗೆ 9 ನಿಮಿಷ. ಓವನ್ ಆಫ್ ಆಗಿದೆ, ಕಾಲಮ್ ಇಲ್ಲ, ಸೂಜಿ ಇಳಿದಿಲ್ಲ, ಆದರೂ ಅಲೆ ತನ್ನ ಪಾಡಿಗೆ ತಾನು ಬರುತ್ತಿದೆ ಎಂದರೆ ಅದು ಗಡಿಯಾರದ ಹಿಂದೆ ಹೋಗುವ ಜಾತಿಯದು. ಪರದೆಯಲ್ಲಿ ಗಾಳಿಯ ಹರಿವಿನ ಅಂಕಿಯನ್ನೇ ನೋಡುತ್ತಾ ಕೂತೆ. 350ರ ಆಚೀಚೆ ಮೂರು ನಾಲ್ಕು ಮಿಲಿಲೀಟರ್ ತೂಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಏರ್ ಕಂಪ್ರೆಸರ್ ಗುಡುಗಿ ಶುರುವಾದಾಗ ಹರಿವು ಚೇತರಿಸಿಕೊಂಡಿತು. ಗಡಿಯಾರ ಹಿಡಿದು ಕಾದೆ. ಮುಂದಿನ ಗುಡುಗು 9 ನಿಮಿಷಕ್ಕೆ.

ಆಗಿದ್ದಿಷ್ಟು: ಟ್ಯಾಂಕಿನ ಒತ್ತಡ ಎಷ್ಟಕ್ಕಿಳಿದರೆ ಕಂಪ್ರೆಸರ್ ಮತ್ತೆ ಶುರುವಾಗಬೇಕು ಎಂಬ ಸ್ವಿಚ್ಚಿನ ಮಿತಿ ಸಡಿಲಗೊಂಡು, ಟ್ಯಾಂಕ್ 50 ಪಿಎಸ್‌ಐಗೆ ಇಳಿಯುವವರೆಗೂ ಮೋಟಾರ್ ಎದ್ದೇಳುತ್ತಿರಲಿಲ್ಲ. ಲೈನಿನ ರೆಗ್ಯುಲೇಟರನ್ನು ಇಟ್ಟಿದ್ದು 60ಕ್ಕೆ. ಒಳಗೆ ಬರುವ ಒತ್ತಡವೇ 60ಕ್ಕಿಂತ ಕಡಿಮೆಯಾದರೆ ರೆಗ್ಯುಲೇಟರಿಗೆ ಹಿಡಿದಿಡಲು ಏನೂ ಇರುವುದಿಲ್ಲ, ಟ್ಯಾಂಕಿನ ಏರಿಳಿತವೇ ನೇರ ಡಿಟೆಕ್ಟರಿಗೆ ಬರುತ್ತದೆ. ಝೀರೋ ಏರ್ (ಹೈಡ್ರೋಕಾರ್ಬನ್ ತೆಗೆದ ಶುದ್ಧ ಗಾಳಿ) ಸಿಲಿಂಡರಿನಿಂದ ಗಾಳಿ ಕೊಟ್ಟ ಕೂಡಲೇ ಅಲೆ ಮಾಯವಾಯಿತು. ಕಂಪ್ರೆಸರ್ ನೋಡಿಕೊಳ್ಳುವವರು ಬಂದು ಸ್ವಿಚ್ ಸರಿಮಾಡಿ ಹೋದರು.

ಹಳೆಯ ಫೈಲುಗಳನ್ನು ತೆರೆದರೆ ಈ ಅಲೆ ಐದು ವಾರದಿಂದ ಇತ್ತು. ಗುರುವಾರದ ಕೆಲಸಗಳಿಗೂ ಇದಕ್ಕೂ ಸಂಬಂಧವಿರಲಿಲ್ಲ. ಹಾಗಾದರೆ ಐದು ವಾರದ ಫಲಿತಾಂಶಗಳ ಗತಿ ಏನು ಎಂಬ ಚಿಂತೆ ಆ ರಾತ್ರಿ ನನ್ನನ್ನು ಬಿಡಲಿಲ್ಲ. ಲೆಕ್ಕ ಹಾಕಿ ನೋಡಿದಾಗ ಧೈರ್ಯ ಬಂತು. ನಮ್ಮ ಪೀಕ್‌ಗಳ ಅಗಲ 4ರಿಂದ 6 ಸೆಕೆಂಡ್, ಅಲೆಯ ಒಂದು ಸುತ್ತು 540 ಸೆಕೆಂಡ್. ಪೀಕ್‌ನ ಬುಡದಲ್ಲಿ ಅಲೆ ಸರಳರೇಖೆಯಂತೆಯೇ ಕಾಣುತ್ತದೆ, ಇಂಟಿಗ್ರೇಟರ್ ಎಳೆಯುವ ಗೆರೆ ಅದಕ್ಕೆ ಹೊಂದಿಕೊಳ್ಳುತ್ತದೆ. ಐದು ವಾರದ ಚೆಕ್ ಸ್ಟ್ಯಾಂಡರ್ಡ್‌ಗಳೆಲ್ಲ ಮಿತಿಯೊಳಗೇ ಇದ್ದವು. ಇದೇ ಅಲೆಯ ಸುತ್ತು 10 ಸೆಕೆಂಡ್ ಆಗಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ಗುಡ್ಡ ಮತ್ತು ಏಣಿ

ಕಾಲಮ್ ಮರಳಿ ಜೋಡಿಸಿ, ಸೂಜಿಯನ್ನೇ ಇಳಿಸದೆ ರನ್ ಶುರುಮಾಡಿದೆ. ಸಾಲ್ವೆಂಟ್ ಬ್ಲ್ಯಾಂಕ್ ಒಂದು, ಸೂಜಿಯೇ ಇಳಿಯದ ಬ್ಲ್ಯಾಂಕ್ ಇನ್ನೊಂದು. ಈ ಎರಡನ್ನು ಒಂದೇ ಎಂದುಕೊಳ್ಳಬಾರದು. ಮೊದಲನೆಯದರಲ್ಲಿ ಹೆಕ್ಸೇನ್, ವಯಲ್, ಅದರ ಮುಚ್ಚಳ, ಸಿರಿಂಜ್ ಎಲ್ಲ ಸೇರಿರುತ್ತವೆ. ಎರಡನೆಯದರಲ್ಲಿ ಯಂತ್ರ ಮತ್ತು ಅನಿಲ ಮಾತ್ರ. ಥ್ಯಾಲೇಟ್ ಅಳೆಯುವವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಕೈಗವಸಿನಿಂದ ಹಿಡಿದು ಬಾಟಲಿಯ ಮುಚ್ಚಳದವರೆಗೆ ಎಲ್ಲೆಲ್ಲೂ ಥ್ಯಾಲೇಟ್ ಇರುತ್ತದೆ. ಸೂಜಿಯಿಲ್ಲದ ಬ್ಲ್ಯಾಂಕ್‌ನಲ್ಲೂ ಗುಡ್ಡ ಬಂತು, ಏಣಿಯೂ ಬಂತು. ಬೆನ್ನಿಗೇ ಮತ್ತೊಂದು ರನ್ ಹಾಕಿದರೆ ಗುಡ್ಡ ಕಂಡೂ ಕಾಣದಷ್ಟು ಕುಸಿದಿತ್ತು. ಸ್ಯಾಂಪಲ್, ಸಾಲ್ವೆಂಟ್, ಸಿರಿಂಜ್ ಮೂರೂ ನಿರ್ದೋಷಿಗಳು ಎಂದಾಯಿತು.

ಇನ್ನು ಸುಮ್ಮನಿದ್ದ ಹೊತ್ತಿನ ಪರೀಕ್ಷೆ. ಓವನ್ 50ರಲ್ಲಿ 1 ಗಂಟೆ ನಿಲ್ಲಿಸಿ, ಸೂಜಿಯಿಲ್ಲದೆ ರನ್. ಮತ್ತೆ 4 ಗಂಟೆ ನಿಲ್ಲಿಸಿ, ಇನ್ನೊಂದು ರನ್. ತಣ್ಣಗಿರುವ ಕಾಲಮ್‌ನ ಬಾಯಿ ಒಂದು ಬಲೆ ಇದ್ದಂತೆ. ಹೀಲಿಯಂ ಹೊತ್ತು ತರುವ ಭಾರದ ಅಣುಗಳು 50 ಡಿಗ್ರಿಯಲ್ಲಿ ಮುಂದೆ ಸಾಗಲಾರದೆ ಅಲ್ಲೇ ಕುಳಿತುಬಿಡುತ್ತವೆ. ಓವನ್ ಏರಿದಾಗ ಅಷ್ಟೂ ಒಟ್ಟಿಗೆ ಹೊರಟು ಪೀಕ್ ಆಗುತ್ತವೆ. ಕೊಳೆ ಕಾಲಮ್‌ಗೆ ಮುಂಚೆ ಇದ್ದರೆ, ನಿಂತ ಹೊತ್ತು ಹೆಚ್ಚಿದಷ್ಟೂ ಪೀಕ್ ಬೆಳೆಯಬೇಕು. ಕಾಲಮ್‌ನಲ್ಲೋ ಡಿಟೆಕ್ಟರಿನಲ್ಲೋ ಇದ್ದರೆ ಹೊತ್ತಿಗೂ ಅದಕ್ಕೂ ನಂಟಿರುವುದಿಲ್ಲ. ಗುಡ್ಡದ ವಿಸ್ತೀರ್ಣ 1 ಗಂಟೆಗೆ ಸುಮಾರು 550 ಪಿಕೋಆಂಪಿಯರ್-ಸೆಕೆಂಡ್, 4 ಗಂಟೆಗೆ 2100. ಬಹುತೇಕ ನಾಲ್ಕು ಪಟ್ಟು. ಸೋಮವಾರದ ಗುಡ್ಡವನ್ನು ಅಳೆದಿದ್ದೆ: ಸುಮಾರು 30,000. ಅದೂ ಇದೇ ಸಾಲಿಗೆ ಕೂರುತ್ತಿತ್ತು.

ಇಲ್ಲೊಂದು ಚಿಕ್ಕ ಲೆಕ್ಕ ಮಾಡಿದೆ, ಮಾಡಿದ್ದು ಒಳ್ಳೆಯದಾಯಿತು. 30,000 ಪಿಕೋಆಂಪಿಯರ್-ಸೆಕೆಂಡ್ ಎಂದರೆ ಹತ್ತಿರಹತ್ತಿರ 2 ಮೈಕ್ರೋಗ್ರಾಂ ಇಂಗಾಲ. 60 ಗಂಟೆಯಲ್ಲಿ ಕಾಲಮ್ ಹಾದುಹೋದ ಹೀಲಿಯಂ 4.3 ಲೀಟರ್. ಹೀಲಿಯಂನ ಹತ್ತು ಲಕ್ಷ ಪರಮಾಣುಗಳಿಗೆ ಇಂಗಾಲದ ಒಂದೇ ಒಂದು ಪರಮಾಣು ಸಿಕ್ಕರೂ ಈ ಗುಡ್ಡ ಕಟ್ಟಲು ಸಾಕು! ನಾವು ದೊಡ್ಡ ಕೊಳೆಯನ್ನು ಹುಡುಕುತ್ತಿದ್ದೆವು. ಕಣ್ಣಿಗೆ ಕಾಣದಷ್ಟು ಸಾಕಾಗಿತ್ತು.

ಈ ಹಂತದಲ್ಲಿ ಒಬ್ಬರು ಸಲಹೆ ಕೊಟ್ಟರು: "ಬ್ಲ್ಯಾಂಕ್ ರನ್ ಕಳೆದುಬಿಡಿ ಮೇಡಂ, ಸಾಫ್ಟ್‌ವೇರಿನಲ್ಲೇ ಇದೆಯಲ್ಲ." ಕೆಲಸ ತಡವಾಗುತ್ತಿತ್ತು, ಸ್ಯಾಂಪಲ್‌ಗಳು ಕಾಯುತ್ತಿದ್ದವು, ಅವರು ಹೇಳಿದ್ದು ಸಹಜವೇ. ಆದರೆ ಕಳೆಯುವುದಕ್ಕೆ ಅರ್ಥ ಬರುವುದು ಪ್ರತಿ ರನ್‌ನಲ್ಲೂ ಒಂದೇ ತೆರನಾಗಿ ಇರುವುದನ್ನು ಕಳೆದಾಗ, ಕಾಲಮ್ ಬ್ಲೀಡ್‌ನಂಥದನ್ನು. ನಮ್ಮ ಗುಡ್ಡ ನಿಂತ ಹೊತ್ತಿಗೆ ತಕ್ಕಂತೆ ಬದಲಾಗುತ್ತಿತ್ತು. ಒಂದು ಗಂಟೆಯ ಗುಡ್ಡವನ್ನು ಹತ್ತು ನಿಮಿಷದ ಗುಡ್ಡದಿಂದ ಕಳೆದರೆ ಡೈಬ್ಯುಟೈಲ್ ಥ್ಯಾಲೇಟ್ ಹೆಚ್ಚು ತೋರುವ ಬದಲು ಕಡಿಮೆ ತೋರುತ್ತದೆ, ಅದೂ ಎಚ್ಚರಿಕೆಯ ಗುರುತೇ ಇಲ್ಲದೆ. ನಾನು ಒಪ್ಪಲಿಲ್ಲ.

ಕೊಳೆ ಕಾಲಮ್‌ಗೆ ಮುಂಚೆ ಇದೆ ಎಂದಷ್ಟೇ ಗೊತ್ತಾಗಿತ್ತು. ಇನ್‌ಲೆಟ್‌ನಲ್ಲೋ, ಅದಕ್ಕೂ ಹಿಂದೆ ಅನಿಲದ ಲೈನಿನಲ್ಲೋ? ಶುಕ್ರವಾರ ಇನ್‌ಲೆಟ್ ತಾಪವನ್ನು 280ರಿಂದ 50ಕ್ಕೆ ಇಳಿಸಿ, ಮತ್ತೆ 4 ಗಂಟೆ ನಿಲ್ಲಿಸಿ ಸೂಜಿಯಿಲ್ಲದ ರನ್ ಹಾಕಿದೆ. ಬಿಸಿಗೆ ಇನ್‌ಲೆಟ್ ಉಗುಳುವುದು ತಣ್ಣಗಿದ್ದರೆ ನಿಲ್ಲಬೇಕು. ಅನಿಲದ ಜೊತೆ ಬರುವುದಕ್ಕೆ ಇನ್‌ಲೆಟ್ ತಾಪದ ಹಂಗಿಲ್ಲ.

ಈ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಕ್ರೊಮ್ಯಾಟೊಗ್ರಾಂ ಅದೇ. ಏಣಿ ಪೂರ್ತಿ ಮಾಯ. ಗುಡ್ಡ ಕೂದಲೆಳೆಯಷ್ಟೂ ಕದಲಿರಲಿಲ್ಲ, 2000 ಚಿಲ್ಲರೆ. ಅಲ್ಲಿಯವರೆಗೆ ಗುಡ್ಡ ಮತ್ತು ಏಣಿ ಒಂದೇ ಕೊಳೆಯ ಎರಡು ಮುಖ ಎಂದು ನಂಬಿದ್ದೆ. ಇಬ್ಬರು ಕಳ್ಳರು ಒಂದೇ ರಾತ್ರಿ ಒಂದೇ ಮನೆಗೆ ನುಗ್ಗಿದ್ದರು.

ಏಣಿಯದು ಬೇಗ ಬಗೆಹರಿಯಿತು. ಇನ್‌ಲೆಟ್ ಬಿಚ್ಚಿದರೆ ಲೈನರಿನ ಗಾಜಿನ ಉಣ್ಣೆಯ ಮೇಲೆ ಸೆಪ್ಟಮ್ಮಿನ ಆರೇಳು ಚೂರುಗಳು. ಸೆಪ್ಟಮ್ ಕೂಡ ಸಿಲೋಕ್ಸೇನ್ ರಬ್ಬರ್. ಅದರ ಚೂರು 280 ಡಿಗ್ರಿಯಲ್ಲಿ ಕೂತು, ಒಂದೊಂದು ಕೊಂಡಿ ದೊಡ್ಡದಾಗುತ್ತಾ ಹೋಗುವ ಉಂಗುರಗಳ ಸಾಲನ್ನು ಬಿಡುತ್ತಿರುತ್ತದೆ. ಪೀಕ್‌ಗಳ ಅಂತರ ಸಮವಾಗಿದ್ದದ್ದು ಅದಕ್ಕೆ. ಇಪ್ಪತ್ತೈದು ಮೂವತ್ತು ಬಾರಿ ಚುಚ್ಚಿದ ಸೆಪ್ಟಮ್ ಅಷ್ಟು ಹರಿಯಬಾರದು. ಗುರುವಾರ ನಟ್ಟನ್ನು ಸ್ಪ್ಯಾನರಿನಿಂದ ತಿರುಗಿಸಿ ಬಿಗಿದಿದ್ದರು. ಅತಿಯಾಗಿ ಒತ್ತಿದ ರಬ್ಬರಿಗೆ ಸೂಜಿ ಚುಚ್ಚಿದರೆ ಅದು ಬಿರಿದು ದಾರಿ ಕೊಡುವುದಿಲ್ಲ, ಕತ್ತರಿಸಿಕೊಳ್ಳುತ್ತದೆ. ಕೈಯಲ್ಲಿ ಬಿಗಿದು, ಅದರ ಮೇಲೆ ಅರ್ಧದಿಂದ ಮುಕ್ಕಾಲು ಸುತ್ತು ಸಾಕು. ಸಿರಿಂಜಿನ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಅದೂ ಕೊಕ್ಕೆಯಂತೆ ಬಾಗಿತ್ತು. ಲೈನರ್, ಸೆಪ್ಟಮ್, ತಳದ ಸೀಲ್, ಸಿರಿಂಜ್ ನಾಲ್ಕೂ ಹೊಸದು ಹಾಕಿ, ಇನ್‌ಲೆಟ್ ಒಳಗನ್ನು ಸಾಲ್ವೆಂಟ್‌ನಲ್ಲಿ ಒರೆಸಿದೆವು. ಸೆಪ್ಟಮ್ ಪರ್ಜ್ ಹರಿವನ್ನೂ, ಅಂದರೆ ಸೆಪ್ಟಮ್ಮಿನ ಕೆಳಮೈ ಸವರಿ ಹೊರಹೋಗುವ ಅನಿಲವನ್ನೂ, ಅಳೆದೆ, ನಿಮಿಷಕ್ಕೆ 3 ಮಿಲಿಲೀಟರ್, ಸರಿಯಾಗಿತ್ತು.

ನಮ್ಮಲ್ಲಿ ಅಣುವಿನ ಚೂರುಗಳ ತೂಕ ಹೇಳುವ ಮಾಸ್ ಸ್ಪೆಕ್ಟ್ರೋಮೀಟರ್ ಇದ್ದಿದ್ದರೆ ಈ ಎರಡನ್ನು ಒಂದೇ ರನ್‌ನಲ್ಲಿ ಬೇರ್ಪಡಿಸಬಹುದಿತ್ತು. ಸಿಲೋಕ್ಸೇನ್ ಉಂಗುರಗಳು 73, 207, 281ರ ತೂಕದಲ್ಲಿ ಕಾಣಿಸಿಕೊಳ್ಳುತ್ತವೆ, ಗುಡ್ಡದ ಮೂಲವೆಂದು ಮುಂದೆ ಗೊತ್ತಾದ ಎಣ್ಣೆಯ ಹೈಡ್ರೋಕಾರ್ಬನ್‌ಗಳು 43, 57, 71, 85ರಲ್ಲಿ. ಎಫ್‌ಐಡಿಗೆ ಎರಡೂ ಬರೀ ಇಂಗಾಲ. ಅದು ಹೇಳದಿದ್ದುದನ್ನು ನಾವು ತಾಪ ಮತ್ತು ಹೊತ್ತನ್ನು ಬದಲಿಸಿ ಹೇಳಿಸಬೇಕಾಯಿತು.

ಒಂದು ಮೀಟರ್ ಕೊಳವೆ

ಗುಡ್ಡ ಅನಿಲದ ಲೈನಿನದು ಎಂದಾಗ ಎಲ್ಲರ ಬೆರಳೂ ಹೊಸ ಸಿಲಿಂಡರಿನತ್ತ ತಿರುಗಿತು. ಇನ್ನೊಂದು ಸಿಲಿಂಡರ್ ಹಾಕಿ ನೋಡಿದೆವು, 4 ಗಂಟೆಯ ಗುಡ್ಡ ಅಷ್ಟಕ್ಕಷ್ಟೇ. ಸಿಲಿಂಡರಿನ ನಂತರ ಗೋಡೆಯ ಮೇಲೆ ಹೈಡ್ರೋಕಾರ್ಬನ್, ತೇವ, ಆಮ್ಲಜನಕ ಹಿಡಿಯುವ ಟ್ರ್ಯಾಪ್‌ಗಳ ಸಾಲು, ಅಲ್ಲಿಂದ ಜಿಸಿಗೆ ತಾಮ್ರದ ಕೊಳವೆ. ಟ್ರ್ಯಾಪ್‌ಗಳಲ್ಲಿ ಒಂದನ್ನೂ ಅವಧಿ ಮೀರಿ ಬಳಸಿರಲಿಲ್ಲ. ಹಾಗಿದ್ದರೂ ಹೊಸ ಹೈಡ್ರೋಕಾರ್ಬನ್ ಟ್ರ್ಯಾಪ್ ಒಂದನ್ನು ಗೋಡೆಯ ಸಾಲಿನಲ್ಲಿ ಬದಲಿಸಿದೆ: ಗುಡ್ಡ ಕದಲಲಿಲ್ಲ. ಅದೇ ಟ್ರ್ಯಾಪನ್ನು ತಂದು ಜಿಸಿಯ ಬೆನ್ನಿಗೇ, ಹೀಲಿಯಂ ಒಳಹೋಗುವ ಜಾಗದಲ್ಲಿ ಸೇರಿಸಿದೆ: 2100 ಇದ್ದದ್ದು 300ಕ್ಕೆ ಇಳಿಯಿತು. ಗೋಡೆಯ ಸಾಲಿನಲ್ಲಿಟ್ಟರೆ ಕೆಲಸವಿಲ್ಲ, ಜಿಸಿಯ ಬೆನ್ನಲ್ಲಿಟ್ಟರೆ ಕೆಲಸವಿದೆ. ಕೊಳೆಗೆ ಉಳಿದ ಜಾಗ ಇವೆರಡರ ನಡುವಿನ ಕೊಳವೆ ಮಾತ್ರ.

ಗುರುವಾರ ಸಿಲಿಂಡರ್ ಬದಲಿಸಿದ ಹುಡುಗನನ್ನು ಕರೆದು, ಗದರದೆ ಕೇಳಿದೆ. "ಸಿಲಿಂಡರ್ ನಿಲ್ಲಿಸೋ ಜಾಗ ಸ್ವಲ್ಪ ಸರಿಸಿದ್ವಿ ಮೇಡಂ. ಟ್ರ್ಯಾಪ್ ಬೋರ್ಡೂ ಅದರ ಜೊತೆ ಸರೀತು. ಪೈಪ್ ಸಾಲಲಿಲ್ಲ, ಸ್ಟೋರಿನಲ್ಲಿದ್ದ ಹೊಸ ರೋಲಿಂದ ಒಂದು ಮೀಟರ್ ಕತ್ತರಿಸಿ ಸೇರಿಸಿದೆ." ಲಾಗ್ ಪುಸ್ತಕದಲ್ಲಿ "ಸಿಲಿಂಡರ್ ಬದಲಾಯಿಸಿದೆ" ಎಂದಷ್ಟೇ ಇತ್ತು. ಅವನು ಏನನ್ನೂ ಮುಚ್ಚಿಟ್ಟಿರಲಿಲ್ಲ. ಪೈಪ್ ಹೊಸದು, ಹೊಳೆಯುತ್ತಿತ್ತು, ಅದನ್ನು ಬರೆಯಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಹೇಳಿಕೊಟ್ಟಿರಲಿಲ್ಲ.

ತಾಮ್ರದ ಕೊಳವೆಯನ್ನು ಎಳೆದು ತಯಾರಿಸುವಾಗ ಎಣ್ಣೆ ಬಳಸುತ್ತಾರೆ. ಸಾಮಾನ್ಯ ಕೆಲಸಕ್ಕೆ ಬರುವ ರೋಲಿನ ಒಳಮೈಯಲ್ಲಿ ಅದರ ಪಸೆ ಉಳಿದಿರುತ್ತದೆ. ಕ್ರೊಮ್ಯಾಟೊಗ್ರಫಿಗೆಂದು ಮಾರುವ ಕೊಳವೆಯನ್ನು ಒಳಗೆ ತೊಳೆದು, ಒಣಗಿಸಿ, ತುದಿ ಮುಚ್ಚಿ ಕಳಿಸುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣದು. ಟ್ರ್ಯಾಪ್ ದಾಟಿ ಶುದ್ಧವಾಗಿ ಬಂದ ಹೀಲಿಯಂ ಈ ಒಂದು ಮೀಟರಿನಲ್ಲಿ ಎಣ್ಣೆಯ ಹಗುರ ಭಾಗವನ್ನು ಅಣು ಅಣುವಾಗಿ ಎತ್ತಿಕೊಂಡು ಬರುತ್ತಿತ್ತು.

ತುಂಡನ್ನು ಬಿಚ್ಚಿ ತೆಗೆದ ಮೇಲೆ ಎಸೆಯಲು ಮನಸ್ಸಾಗಲಿಲ್ಲ. ಅದರೊಳಗೆ 5 ಮಿಲಿಲೀಟರ್ ಹೆಕ್ಸೇನ್ ಹಾಯಿಸಿ ಹಿಡಿದು, 1 ಮೈಕ್ರೋಲೀಟರ್ ಇಂಜೆಕ್ಟ್ ಮಾಡಿದೆ. 12ನೇ ನಿಮಿಷಕ್ಕೆ ಏರಿ 20ಕ್ಕೆ ಇಳಿಯುವ ಗುಡ್ಡ ಬಂತು, ಅದಕ್ಕೆ ಬಾಲವಾಗಿ ಭಾರದ ಭಾಗ 26ರವರೆಗೂ ಎಳೆದಿತ್ತು. ಆ ಬಾಲ ನಮ್ಮ ಬ್ಲ್ಯಾಂಕ್‌ಗಳಲ್ಲಿ ಇರಲಿಲ್ಲ, ಇರಲೂಬಾರದು. ಕೋಣೆಯ ತಾಪದಲ್ಲಿ ಹೀಲಿಯಂ ಹೊತ್ತು ತರಬಲ್ಲದ್ದು ಹಗುರ ಭಾಗವನ್ನು ಮಾತ್ರ.

ಸರಿಹೋದದ್ದು ಒಮ್ಮೆಲೇ ಅಲ್ಲ

ತೊಳೆದ ಕೊಳವೆ ಹಾಕಿದ ದಿನವೇ ಬೇಸ್‌ಲೈನ್ ಶುದ್ಧವಾಗುತ್ತದೆ ಎಂದು ಕಾದಿದ್ದವರಿಗೆ ನಿರಾಸೆಯಾಯಿತು. 4 ಗಂಟೆಯ ಗುಡ್ಡ ಮೊದಲ ದಿನ 300, ಮರುದಿನ 140, ಮೂರನೇ ದಿನ 60. ಹನ್ನೊಂದು ದಿನ ಹರಿದ ಎಣ್ಣೆಯ ಹಬೆ ಜಿಸಿಯೊಳಗಿನ ಕೊಳವೆಗಳಿಗೂ ಹರಿವು ನಿಯಂತ್ರಿಸುವ ಭಾಗಕ್ಕೂ ಅಂಟಿತ್ತು. ಅದು ಹೋಗುವುದು ಶುದ್ಧ ಅನಿಲ ಹರಿದು ಹರಿದೇ. ರಾತ್ರಿ ಸ್ಪ್ಲಿಟ್ ಹರಿವನ್ನು, ಅಂದರೆ ಇನ್‌ಲೆಟ್‌ನಿಂದ ಹೊರಬಿಡುವ ಅನಿಲವನ್ನು, ನಿಮಿಷಕ್ಕೆ 100 ಮಿಲಿಲೀಟರಿಗೆ ಏರಿಸಿ ಬಿಟ್ಟೆವು. ಇಂಥ ಹೊತ್ತಿನಲ್ಲಿ ತಾಳ್ಮೆಗೆಟ್ಟು ಮತ್ತೊಂದು ಭಾಗ ಬಿಚ್ಚಿದರೆ ಕಾರಣ ಸಿಕ್ಕಿದ್ದೂ ಕೈತಪ್ಪುತ್ತದೆ. ಅಂಕಿ ದಿನವೂ ಅರ್ಧಕ್ಕೆ ಇಳಿಯುತ್ತಿದ್ದುದರಿಂದ ಕಾಯುವ ಧೈರ್ಯ ಬಂತು. ಆರನೇ ದಿನ ಅಳೆಯುವಷ್ಟು ಉಳಿದಿರಲಿಲ್ಲ.

ಬಿಚ್ಚಿಟ್ಟಿದ್ದ ಹಳೆಯ ಕಾಲಮ್‌ನ ಇನ್‌ಲೆಟ್ ತುದಿಯಿಂದ 20 ಸೆಂಟಿಮೀಟರ್ ಕತ್ತರಿಸಿ ಅದನ್ನೇ ಮರಳಿ ಹಾಕಿದೆ. 50 ಡಿಗ್ರಿಯಲ್ಲಿ 5 ಪಿಕೋಆಂಪಿಯರ್, 300ರಲ್ಲಿ 15. ಅದಕ್ಕೆ ಏನೂ ಆಗಿರಲಿಲ್ಲ.

ಎಣ್ಣೆಯ ಕೊಳವೆ ಇದ್ದಾಗ ಓಡಿದ 22 ಸ್ಯಾಂಪಲ್‌ಗಳನ್ನು ಮತ್ತೆ ಓಡಿಸಿದೆವು. ವರದಿ ಇನ್ನೂ ಹೊರಗೆ ಹೋಗಿರಲಿಲ್ಲ. 21ರಲ್ಲಿ ಎರಡೂ ಸಲದ ಅಂಕಿಗಳು ಹೊಂದಿದವು. ಹೊಂದದೆ ಉಳಿದದ್ದು ಶುಕ್ರವಾರ ಬೆಳಗಿನ ಮೊದಲ ಸ್ಯಾಂಪಲ್, ಇಡೀ ರಾತ್ರಿ ತಣ್ಣಗೆ ನಿಂತ ಯಂತ್ರಕ್ಕೆ ಬಿದ್ದದ್ದು. ಅದರ ಡೈಬ್ಯುಟೈಲ್ ಥ್ಯಾಲೇಟ್ ಮೊದಲ ಸಲ ಮಿತಿ ಮೀರಿತ್ತು. ಎರಡನೇ ಸಲ ಮಿತಿಯೊಳಗೆ ಬಂತು, ಮೂರನೇ ಸಲ ಓಡಿಸಿದಾಗಲೂ ಅಲ್ಲೇ ನಿಂತಿತು. ಆ ಅಂಕಿಯೇ ವರದಿಗೆ ಹೋಯಿತು.

ಈಗ ಪ್ರತಿ ಸೋಮವಾರ ಬೆಳಿಗ್ಗೆ ಮೊದಲ ರನ್ ಸೂಜಿಯಿಲ್ಲದ ಬ್ಲ್ಯಾಂಕ್. 50 ಡಿಗ್ರಿಯ ಅಂಕಿ, 300 ಡಿಗ್ರಿಯ ಅಂಕಿ, 12ರಿಂದ 20 ನಿಮಿಷದ ನಡುವಿನ ವಿಸ್ತೀರ್ಣ, ಯಂತ್ರ ಎಷ್ಟು ಗಂಟೆ ಸುಮ್ಮನಿತ್ತು ಎಂಬುದು, ಇವು ನಾಲ್ಕನ್ನೂ ಲಾಗ್ ಪುಸ್ತಕದ ಒಂದೇ ಸಾಲಿನಲ್ಲಿ ಬರೆಯುತ್ತೇವೆ. ಬರೆಯುವ ಕೆಲಸ ಆ ಹುಡುಗನೇ ವಹಿಸಿಕೊಂಡಿದ್ದಾನೆ. ಹೋದ ವಾರ ಫೆರಲ್ ಒಂದನ್ನು ಕಾಲು ಸುತ್ತು ಬಿಗಿಮಾಡಿದ್ದನ್ನೂ ಬರೆದಿದ್ದ.